ಚಿಕ್ಕ ಕಾರು ಹೊರುವ ಭಾರ

(ಡಿಪ್ಲೊಮಾ ವಿದ್ಯಾರ್ಥಿಗಳು, ಗ್ಯಾರೇಜ್ ಮಿಸ್ತ್ರಿಗಳು, ಫೌಂಡ್ರಿ ಕೆಲಸಗಾರರು ಮತ್ತು ಕಾರು ಇಟ್ಟುಕೊಂಡಿರುವ ನಾಗರಿಕರು ಸೇರಿದ್ದ ಬೆಳಗಾವಿಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಒಂದೇ: “ಸರ್, ನಮ್ಮ ಗಾಡಿಗೆ ಪಿಕಪ್ ಇಲ್ಲ, ಏನು ಹಾಕಿಸಲಿ?” ಕೇಳುವ ಹುಡುಗನ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಾಗಿರುತ್ತದೆ. ದೊಡ್ಡ ಬಾಯಿಯ ಸೈಲೆನ್ಸರೋ, ಬೇರೆ ಏರ್ ಫಿಲ್ಟರೋ, ಅಗಲವಾದ ಟಯರೋ, ಹೊಳೆಯುವ ಅಲಾಯ್ ಗಾಲಿಯೋ ಎಂಬುದನ್ನು ನನ್ನ ಬಾಯಿಂದ ಹೇಳಿಸಬೇಕೆಂಬುದಷ್ಟೇ ಅವನ ಅಪೇಕ್ಷೆ. ಗಾಡಿಯಿಂದ ಏನನ್ನಾದರೂ ತೆಗೆದರೆ ಅದು ಚುರುಕಾದೀತೇ ಎಂದು ಕೇಳಿದ ವಿದ್ಯಾರ್ಥಿ ನನಗೆ ಈವರೆಗೆ ಸಿಕ್ಕಿಲ್ಲ. ದಿನನಿತ್ಯ ಮನೆ ಮಂದಿಯನ್ನು ಹೊತ್ತು ತಿರುಗುವ ಚಿಕ್ಕ ಕಾರಿನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನಾನು ನಂಬಿದ್ದೇನೆ. ಏನನ್ನು ತೆಗೆಯಬೇಕು, ಏನನ್ನು ಎಂದಿಗೂ ತೆಗೆಯಬಾರದು ಎಂಬುದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಪಿಕಪ್ ಎಂಬ ಒಂದೇ ಮಾತಿನಲ್ಲಿ ನಾವು ಹಲವು ಸಂಗತಿಗಳನ್ನು ಸೇರಿಸಿ ಹೇಳುತ್ತೇವೆ. ಚನ್ನಮ್ಮ ವೃತ್ತದ ಸಿಗ್ನಲ್ ಬಿಟ್ಟಾಗ ಗಾಡಿ ಎಷ್ಟು ಬೇಗ ವೇಗ ಹಿಡಿಯುತ್ತದೆ, ವಂಟಮುರಿ ಘಾಟಿನ ಏರಿನಲ್ಲಿ ಗೇರ್ ಇಳಿಸದೆ ಎಷ್ಟು ದೂರ ಹೋಗುತ್ತದೆ, ಮುಂದಿನ ಟ್ರ್ಯಾಕ್ಟರನ್ನು ದಾಟಲು ಎಷ್ಟು ರಸ್ತೆ ಬೇಕಾಗುತ್ತದೆ, ಇವೆಲ್ಲವೂ ಅದರಲ್ಲಿ ಅಡಗಿವೆ. ಈ ಮೂರರಲ್ಲೂ ಎಂಜಿನ್ ಮಾಡುವ ಕೆಲಸ ಒಂದೇ, ಒಂದು ಭಾರವನ್ನು ದೂಡುವುದು. ನ್ಯೂಟನ್ನನ ನಿಯಮದ ಪ್ರಕಾರ ಅದೇ ಬಲಕ್ಕೆ ಭಾರ ಕಡಿಮೆಯಾದಷ್ಟೂ ವೇಗ ಏರುವ ಪ್ರಮಾಣ ಹೆಚ್ಚುತ್ತದೆ. ಹತ್ತನೆಯ ತರಗತಿಯ ಒಳಗೇ ನಾವೆಲ್ಲ ಓದಿದ ಈ ಮಾತನ್ನು ಸ್ವಂತ ಕಾರಿನ ವಿಷಯ ಬಂದಾಗ ಮಾತ್ರ ಮರೆಯುತ್ತೇವೆ.

ಉದಾಹರಣೆಗೆ ನನ್ನ ಮನೆಯಲ್ಲಿ ಇಂದಿಗೂ ಇರುವ ಮಾರುತಿ 800 ಕಾರನ್ನೇ ತೆಗೆದುಕೊಳ್ಳುತ್ತೇನೆ. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರ ಜನವರಿಯವರೆಗೆ ತಯಾರಾದ ಈ ಕಾರಿನ ಎಂಜಿನ್ 796 ಸಿಸಿ, ಮೂರು ಸಿಲಿಂಡರಿನದು. ಕೊನೆಯ ಮಾದರಿಗಳಲ್ಲಿ ಅದರ ಶಕ್ತಿ ಸುಮಾರು 37 ಅಶ್ವಶಕ್ತಿ, ಎಸಿ ಇರುವ ಗಾಡಿಯ ಖಾಲಿ ತೂಕ ಸುಮಾರು 665 ಕೆಜಿ. ಇದರಲ್ಲಿ ತಲಾ 65 ಕೆಜಿಯ ನಾಲ್ವರು ಕುಳಿತು, ಡಿಕ್ಕಿಯಲ್ಲಿ 40 ಕೆಜಿ ಸಾಮಾನು ಇಟ್ಟರೆ 300 ಕೆಜಿ ಸೇರಿಕೊಳ್ಳುತ್ತದೆ. ಅಂದರೆ ಕಾರು ತನ್ನ ಸ್ವಂತ ತೂಕದ ಹೆಚ್ಚುಕಡಿಮೆ ಅರ್ಧದಷ್ಟನ್ನು ಬೆನ್ನ ಮೇಲೆ ಹೊರುತ್ತದೆ. ಎರಡು ಟನ್ ತೂಗುವ ದೊಡ್ಡ ಗಾಡಿಗೆ ಇದೇ 300 ಕೆಜಿ ಆರರಲ್ಲಿ ಒಂದು ಪಾಲೂ ಆಗುವುದಿಲ್ಲ. ಆದ್ದರಿಂದ ತೂಕದ ಲೆಕ್ಕ ದೊಡ್ಡ ಗಾಡಿಗಿಂತ ಚಿಕ್ಕ ಗಾಡಿಯಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕು. ಚಿಕ್ಕ ಗಾಡಿಗೆ ಹತ್ತು ಕೆಜಿಯೂ ಗೊತ್ತಾಗುತ್ತದೆ.

ನಮ್ಮ ಊರಿನ ಎತ್ತರವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು ನೂರಕ್ಕೆ ಏಳರಷ್ಟು ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತಾನು ಎಳೆದುಕೊಳ್ಳುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಸುಡಬಲ್ಲದು. ಆದ್ದರಿಂದ ಕಾಗದದ ಮೇಲೆ 37 ಇರುವುದು ನಮ್ಮ ರಸ್ತೆಯ ಮೇಲೆ 34ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯನ್ನು ನಾವು ಬದಲಿಸಲಾರೆವು, ಹೊರೆಯನ್ನು ಬದಲಿಸಬಲ್ಲೆವು.

ಈಗ ಏರಿನ ಲೆಕ್ಕ ನೋಡೋಣ. ಭರತ ಹುಣ್ಣಿಮೆಯ ಸಮಯದಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಕಾರುಗಳನ್ನು ನೀವೆಲ್ಲ ಕಂಡಿದ್ದೀರಿ. ಒಳಗೆ ಮನೆ ಮಂದಿ, ಮಡಿಲಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಪಡಲಿಗೆ ತುಂಬಿಸುವ ಸಾಮಾನು, ಮೇಲಿನ ಕ್ಯಾರಿಯರಿನಲ್ಲಿ ಅಡುಗೆಯ ಪಾತ್ರೆ, ಸೌದೆ, ಹಾಸಿಗೆ. ಹದಿನೈದು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗ ಕಾಯ್ದುಕೊಳ್ಳಬೇಕಾದರೆ, ಪ್ರತಿ 100 ಕೆಜಿಯನ್ನು ಮೇಲಕ್ಕೆತ್ತುವುದಕ್ಕೆಂದೇ ಗಾಲಿಯಲ್ಲಿ ಸುಮಾರು ಒಂದು ಅಶ್ವಶಕ್ತಿ ವೆಚ್ಚವಾಗುತ್ತದೆ. ಟಯರಿನ ಉರುಳು ಪ್ರತಿರೋಧ, ಗಾಳಿಯ ತಡೆ ಮತ್ತು ಗೇರ್ ಬಾಕ್ಸಿನಲ್ಲಿ ಸೋರುವ ಶಕ್ತಿ ಇದರಲ್ಲಿ ಸೇರಿಲ್ಲ. ಒಂದು ಟನ್ನಿನಷ್ಟು ತುಂಬಿದ ಗಾಡಿಗೆ ಎತ್ತುವ ಕೆಲಸಕ್ಕೇ ಹತ್ತು ಅಶ್ವಶಕ್ತಿ ಬೇಕು. ಆ ವೇಗದಲ್ಲಿ ಎಂಜಿನ್ ತನ್ನ ಪೂರ್ಣ ಸುತ್ತಿನಲ್ಲಿ ಇರುವುದಿಲ್ಲವಾದ್ದರಿಂದ 34 ಅಶ್ವಶಕ್ತಿಯೂ ಅದರ ಕೈಗೆ ಸಿಕ್ಕಿರುವುದಿಲ್ಲ. ಗಾಡಿಗೆ ದಮ್ಮು ಹತ್ತುವುದು ಇಲ್ಲಿಯೇ.

ಏರಿನಲ್ಲಿ ಎತ್ತಿದ ಭಾರವನ್ನು ಇಳಿಯುವಾಗ ಹಿಡಿದು ನಿಲ್ಲಿಸುವ ಕೆಲಸವೂ ಇದೆ. ಚೋರ್ಲಾ ಘಾಟಿನಿಂದ ಗೋವೆಯ ಕಡೆಗೆ ಇಳಿಯುವವರು 500 ಮೀಟರಿಗಿಂತ ಹೆಚ್ಚು ಕೆಳಗೆ ಬರುತ್ತಾರೆ. 965 ಕೆಜಿಯ ಗಾಡಿ 500 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಗೇರಿನಲ್ಲಿ ಇಳಿದರೆ ಒಂದು ಪಾಲನ್ನು ಎಂಜಿನ್ ಹಿಡಿದುಕೊಳ್ಳುತ್ತದೆ, ಸ್ವಲ್ಪವನ್ನು ಗಾಳಿ ಮತ್ತು ಟಯರು ನುಂಗುತ್ತವೆ, ಉಳಿದದ್ದೆಲ್ಲ ಬ್ರೇಕಿನ ಪ್ಯಾಡು ಮತ್ತು ಡ್ರಮ್ಮುಗಳ ಕಾವಾಗಿ ಹೊರಬೀಳಬೇಕು. ಗಾಡಿ ಹಗುರವಾದರೆ ಪಿಕಪ್ ಹೆಚ್ಚುತ್ತದೆ ಎಂಬುದು ಹುಡುಗರಿಗೆ ಬೇಗ ಹಿಡಿಸುತ್ತದೆ. ಬ್ರೇಕು ತಣ್ಣಗಿರುತ್ತದೆ ಎಂಬ ಲಾಭವನ್ನು ನಾನು ಅದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ತೂಕ ಮುಟ್ಟದ ಸಂಗತಿಯೂ ಒಂದಿದೆ, ಅದನ್ನು ಹೇಳದೆ ಬಿಟ್ಟರೆ ನಿಮ್ಮಲ್ಲಿ ತಪ್ಪು ನಿರೀಕ್ಷೆ ಹುಟ್ಟೀತು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಗಾಡಿಯನ್ನು ಮುಖ್ಯವಾಗಿ ತಡೆಯುವುದು ಗಾಳಿ, ಮತ್ತು ಗಾಳಿಗೆ ಗಾಡಿಯ ಆಕಾರ ಮುಖ್ಯವೇ ಹೊರತು ತೂಕವಲ್ಲ. ಹಾಗಾಗಿ ಸಮತಟ್ಟಾದ ರಸ್ತೆಯಲ್ಲಿ ಗರಿಷ್ಠ ವೇಗ ತೂಕ ಇಳಿಸಿದ್ದರಿಂದ ಹೆಚ್ಚೇನೂ ಏರುವುದಿಲ್ಲ. ತೂಕದ ಫಲ ಕಾಣುವುದು ಪದೇ ಪದೇ ನಿಂತು ಹೊರಡುವ ಖಡೇಬಜಾರಿನಂಥ ರಸ್ತೆಯಲ್ಲಿ, ಏರಿನಲ್ಲಿ, ಮತ್ತು ಮುಂದಿನ ಗಾಡಿಯನ್ನು ದಾಟುವ ಕ್ಷಣದಲ್ಲಿ. ಇಂಧನದ ಲೆಕ್ಕದಲ್ಲಿ, ವಾಹನದ ತೂಕ ನೂರಕ್ಕೆ ಹತ್ತರಷ್ಟು ಇಳಿದರೆ ಮೈಲೇಜು ನೂರಕ್ಕೆ ಆರರಿಂದ ಎಂಟರಷ್ಟು ಸುಧಾರಿಸಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಆದರೆ ಇದು ವಿನ್ಯಾಸದ ಹಂತದಲ್ಲೇ ಹಗುರಗೊಳಿಸಿದ ಗಾಡಿಯ ಮಾತು. ಇರುವ ಗಾಡಿಯ ಡಿಕ್ಕಿ ಖಾಲಿ ಮಾಡಿದವರು ಅಷ್ಟನ್ನು ನಿರೀಕ್ಷಿಸಬಾರದು.

ಇನ್ನು ನನ್ನ ಕಾರಿನ ವಿಷಯ. ವಂಟಮುರಿ ಏರಿನ ಒಂದು ತಿರುವಿನಲ್ಲಿ ಅದು ಪ್ರತಿ ಸಲವೂ ಮೂರನೆಯ ಗೇರಿನಲ್ಲಿ ಏದುಸಿರು ಬಿಟ್ಟು ಎರಡಕ್ಕೆ ಇಳಿಸುವಂತೆ ಮಾಡುತ್ತಿತ್ತು. ಪ್ಲಗ್ಗು, ಫಿಲ್ಟರು, ಕ್ಲಚ್ಚು ಎಲ್ಲ ನೋಡಿಸಿದೆ, ದೋಷ ಇರಲಿಲ್ಲ. ಒಂದು ರವಿವಾರ ಪರಿಚಯದ ಬೆಲ್ಲದ ವ್ಯಾಪಾರಿಯೊಬ್ಬರಿಂದ ಎಲೆಕ್ಟ್ರಾನಿಕ್ ಕಾಟಾ ತಂದು ಅಂಗಳದಲ್ಲಿ ಇಟ್ಟುಕೊಂಡೆ. ಕಂಪನಿಯವರು ಕೊಟ್ಟದ್ದಲ್ಲದ, ನಾನೇ ವರ್ಷಗಟ್ಟಲೆ ಸೇರಿಸುತ್ತ ಬಂದ ಒಂದೊಂದು ವಸ್ತುವನ್ನೂ ಗಾಡಿಯಿಂದ ಕೆಳಗಿಳಿಸಿ ತೂಗಿ ವಹಿಯಲ್ಲಿ ಬರೆದೆ. ಮುಂದೆ ಹಿಂದೆ ಹಾಕಿಸಿದ್ದ ಕಬ್ಬಿಣದ ಗಾರ್ಡುಗಳು ಎರಡೂ ಸೇರಿ 19 ಕೆಜಿ ತೂಗಿದವು. ಮೇಲಿನ ಕ್ಯಾರಿಯರ್ 12 ಕೆಜಿ. ಅದನ್ನು ಕೊನೆಯ ಸಲ ಬಳಸಿದ್ದು ಮೂರು ವರ್ಷಗಳ ಹಿಂದೆ. ಮಗ ಕೂಡಿಸಿದ್ದ ಸ್ಪೀಕರ್ ಪೆಟ್ಟಿಗೆ ಮತ್ತು ಆಂಪ್ಲಿಫೈಯರ್ 14 ಕೆಜಿ. ಜಾಕ್ ಮತ್ತು ಗಾಲಿಯ ಪಾನಾ ಬಿಟ್ಟು ಉಳಿದ ಹತ್ಯಾರಗಳ ಚೀಲ 11 ಕೆಜಿ. ಇಳಿಜಾರಿನಲ್ಲಿ ಗಾಲಿಗೆ ಕೊಡಲು ಇಟ್ಟಿದ್ದ ಎರಡು ಕಲ್ಲು 7 ಕೆಜಿ. ಮೂಲ ಮ್ಯಾಟಿನ ಮೇಲೆ ಹಾಸಿದ್ದ ಎರಡನೆಯ ರಬ್ಬರ್ ಮ್ಯಾಟು 5 ಕೆಜಿ. ಹಳೆಯ ದಿನಚರಿ, ಖಾಲಿ ಆಯಿಲ್ ಡಬ್ಬಿ, ತಾಡಪತ್ರಿ ಇತ್ಯಾದಿ ಎರಡೂವರೆ ಕೆಜಿ.

ಕೊನೆಗೆ ಕಾರ್ಪೆಟ್ ಎತ್ತಿದಾಗ ಅದರ ಅಡಿಯ ಪ್ಯಾಡು ಕೈಗೆ ತಣ್ಣಗೆ ಹತ್ತಿತು. ಹಿಂಡಿದರೆ ನೀರು ಇಳಿಯುತ್ತಿತ್ತು. ಖಾನಾಪುರ ಕಡೆಯ ಮಳೆಯಲ್ಲಿ ಬಾಗಿಲ ರಬ್ಬರಿನಿಂದ ಒಳಗೆ ಸೇರಿದ ನೀರು ಅಲ್ಲೇ ನಿಂತಿತ್ತು. ಒದ್ದೆ ಪ್ಯಾಡು ಆರೂವರೆ ಕೆಜಿ ತೂಗಿತು. ಎರಡು ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ ಮತ್ತೆ ತೂಗಿದರೆ ಮೂರೇ ಕೆಜಿ ಇತ್ತು. ಮೂರೂವರೆ ಕೆಜಿ ನೀರನ್ನು ನಾನು ಎಷ್ಟು ತಿಂಗಳಿಂದ ಹೊತ್ತು ತಿರುಗುತ್ತಿದ್ದೆನೋ ಗೊತ್ತಿಲ್ಲ. ತೂಕಕ್ಕಿಂತ ಹೆಚ್ಚಿನ ಹಾನಿ ಅದರ ಕೆಳಗೆ ಇತ್ತು, ನೆಲದ ತಗಡು ಎರಡು ಕಡೆ ತುಕ್ಕು ಹಿಡಿದು ಪಕಳೆ ಏಳುತ್ತಿತ್ತು. ಮಳೆಗಾಲ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಕಾರಿನ ಕಾರ್ಪೆಟ್ ಎತ್ತಿ ಅಂಗೈ ಒತ್ತಿ ನೋಡಬೇಕು, ಬಾಗಿಲುಗಳ ಕೆಳ ಅಂಚಿನ ನೀರಿನ ರಂಧ್ರಗಳಲ್ಲಿ ಕಡ್ಡಿ ಆಡಿಸಬೇಕು. ಬೈಲಹೊಂಗಲ, ಸವದತ್ತಿ ಕಡೆಯ ಎರೆಭೂಮಿಯಲ್ಲಿ ಓಡಾಡುವವರು ಮಡ್‌ಗಾರ್ಡಿನ ಒಳಮೈಗೆ ಅಂಟಿ ಒಣಗಿದ ಮಣ್ಣನ್ನೂ ಕೆತ್ತಿ ತೆಗೆಯಬೇಕು. ಅದೂ ತೂಕವೇ, ಅದರ ಹಿಂದೆಯೂ ತುಕ್ಕು ಕಾಯುತ್ತಿರುತ್ತದೆ.

ಎಲ್ಲ ಕೂಡಿಸಿದರೆ 74 ಕೆಜಿ ಆಯಿತು. ಎಂದೂ ಇಳಿಯದ ಐದನೆಯ ಆಳೊಬ್ಬನನ್ನು ನಾನು ವರ್ಷಗಟ್ಟಲೆ ಕೂಡಿಸಿಕೊಂಡು ತಿರುಗಿದ ಹಾಗೆ. ನಾನೊಬ್ಬನೇ ಓಡಿಸುವಾಗ 804 ಕೆಜಿ ಇದ್ದದ್ದು 730ಕ್ಕೆ ಇಳಿಯಿತು. ಗಾಳಿಯ ತಡೆ ಕಡಿಮೆ ಇರುವ ಕೆಳ ವೇಗಗಳಲ್ಲಿ ಇದರಿಂದ ಪಿಕಪ್ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ, ಅಂದರೆ ಭಾರ ಹಾಗೆಯೇ ಇದ್ದು ಎಂಜಿನ್ನಿಗೆ ಮೂರೂವರೆ ಅಶ್ವಶಕ್ತಿ ಸೇರಿಸಿದಷ್ಟಾಗುತ್ತದೆ. ಇಷ್ಟು ಸಣ್ಣ ಎಂಜಿನ್ನಿನಲ್ಲಿ ಸೈಲೆನ್ಸರ್, ಫಿಲ್ಟರ್ ಬದಲಿಸಿ ಮೂರೂವರೆ ಅಶ್ವಶಕ್ತಿ ಪಡೆಯುವುದು ಸುಲಭವಲ್ಲ. ಪಡೆದರೂ ಅದಕ್ಕೆ ಹಣ ಬೇಕು, ಗದ್ದಲ ತಡೆದುಕೊಳ್ಳಬೇಕು. ಮುಂದಿನ ವಾರ ವಂಟಮುರಿಯ ಅದೇ ತಿರುವನ್ನು ಮೂರನೆಯ ಗೇರಿನಲ್ಲೇ ದಾಟಿದೆ. ಮೂವರು ಒಳಗಿದ್ದೆವು.

ಇನ್ನು ಗಾಲಿಗಳ ವಿಷಯ, ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಈ ಮೇಜಿನ ಮೇಲೆ ಎರಡು ಮರದ ಚಕ್ರಗಳಿವೆ. ಉದ್ಯಮಬಾಗದ ಪ್ಯಾಟರ್ನ್ ಅಂಗಡಿಯೊಂದರಲ್ಲಿ ಲೇಥಿಗೆ ಹಾಕಿ ಒಂದೇ ಅಳತೆಗೆ ತಿರುವಿಸಿದ್ದು. ಕಾಟಾದ ಮೇಲಿಟ್ಟು ನೋಡಿ, ಎರಡೂ ಎರಡೆರಡು ಕೆಜಿ. ಒಂದರ ನಡುವೆ ಕಬ್ಬಿಣದ ಗಟ್ಟಿಯನ್ನು ಕೂಡಿಸಿದೆ, ಇನ್ನೊಂದರಲ್ಲಿ ಅಷ್ಟೇ ತೂಕದ ಕಬ್ಬಿಣವನ್ನು ಬಳೆಯಾಗಿ ಅಂಚಿಗೆ ತೊಡಿಸಿದೆ. ಈಗ ಓರೆಯಾಗಿ ಇಟ್ಟಿರುವ ಈ ಹಲಗೆಯ ಮೇಲ್ತುದಿಯಿಂದ ಎರಡನ್ನೂ ಒಟ್ಟಿಗೆ ಬಿಡುತ್ತೇನೆ. (ಮೂರು ಸಲ ಬಿಟ್ಟು ತೋರಿಸಲಾಯಿತು. ಮೂರು ಸಲವೂ ನಡುವೆ ಭಾರವಿದ್ದ ಚಕ್ರ ಮುಂದಾಗಿ ನೆಲ ಮುಟ್ಟಿತು.) ತೂಕ ಒಂದೇ, ಇಳಿಜಾರು ಒಂದೇ, ಆದರೂ ಅಂಚಿನಲ್ಲಿ ಭಾರವಿರುವುದು ಹಿಂದೆ ಬಿದ್ದಿತು. ಏಕೆಂದರೆ ಗಾಲಿಯ ಅಂಚಿನ ಭಾರ ಎರಡು ಕೆಲಸ ಬೇಡುತ್ತದೆ, ಗಾಡಿಯೊಡನೆ ಮುಂದಕ್ಕೂ ಹೋಗಬೇಕು, ತನ್ನ ಸುತ್ತ ತಾನೂ ತಿರುಗಬೇಕು. ಟಯರು ಮತ್ತು ರಿಮ್ಮಿನ ಹೊರ ಅಂಚಿನಲ್ಲಿರುವ ಒಂದು ಕೆಜಿ, ವೇಗ ಹಿಡಿಯುವಾಗ ಸೀಟಿನ ಮೇಲಿನ ಸುಮಾರು ಎರಡು ಕೆಜಿಗೆ ಸಮ.

ಇಷ್ಟು ತಿಳಿದ ಮೇಲೆ ನನ್ನ ವಿದ್ಯಾರ್ಥಿಯೊಬ್ಬನ ಕಾರಿಗೆ ಏನಾಯಿತು ನೋಡಿ. ಅದೂ ಮಾರುತಿ 800, ಅದರ ಮೂಲ ಟಯರು 145/70 ಆರ್12, ಅಂದರೆ ಅಗಲ 145 ಮಿಲಿಮೀಟರ್, ಬದಿಯ ಎತ್ತರ ಅಗಲದ ನೂರಕ್ಕೆ 70ರಷ್ಟು, ರಿಮ್ಮು 12 ಇಂಚು. ಪಿಕಪ್ ಬರಲಿ ಎಂದು ಅವನು 13 ಇಂಚಿನ ಅಲಾಯ್ ಗಾಲಿಗೆ 155/65 ಟಯರು ಹಾಕಿಸಿದ್ದ. ಹಳೆಯ ಗಾಲಿ ಟಯರು ಸಮೇತ 10 ಕೆಜಿ ಇತ್ತು, ಹೊಸದು ಹದಿಮೂರೂವರೆ. ನಾಲ್ಕಕ್ಕೆ 14 ಕೆಜಿ ಹೆಚ್ಚಾಯಿತು, ಹೆಚ್ಚಾದದ್ದರಲ್ಲಿ ಬಹುಪಾಲು ಅಂಚಿನ ಹತ್ತಿರ. ಸಾಲದ್ದಕ್ಕೆ ಗಾಲಿಯ ಒಟ್ಟು ವ್ಯಾಸ 508 ಮಿಲಿಮೀಟರಿನಿಂದ 532ಕ್ಕೆ ಏರಿತು. ಇದರಿಂದ ಪ್ರತಿ ಗೇರೂ ನೂರಕ್ಕೆ ಸುಮಾರು ಐದರಷ್ಟು ಉದ್ದವಾಯಿತು, ಅಂದರೆ ಗಾಲಿ ರಸ್ತೆಯನ್ನು ಹಿಂದಕ್ಕೆ ದೂಡುವ ಬಲ ಅಷ್ಟೇ ಕಡಿಮೆಯಾಯಿತು. ಮೀಟರು 60 ತೋರಿಸುವಾಗ ಗಾಡಿ ಸುಮಾರು 63ರಲ್ಲಿ ಓಡುತ್ತಿತ್ತು. ಹಣ ಕೊಟ್ಟು ಪಿಕಪ್ ಕಳೆದುಕೊಂಡ ಆ ಹುಡುಗನಿಗೆ ನಾನು ಬೈಯಲಿಲ್ಲ. ಅಲಾಯ್ ಎಂದರೆ ಹಗುರ ಎಂದು ಅಂಗಡಿಯವರು ಹೇಳಿದ್ದರು, ಅವನು ನಂಬಿದ್ದ.

ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ ಎಂಬುದು ನಿಜ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ, ಉಕ್ಕು 7.8 ಗ್ರಾಂ. ಯಮನಾಪುರದ ಅಲ್ಯೂಮಿನಾ ಕಾರ್ಖಾನೆಯ ಊರಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಎರಕದ ಅಲ್ಯೂಮಿನಿಯಂ ಉಕ್ಕಿನ ತಗಡಿನಷ್ಟು ಗಟ್ಟಿಯಲ್ಲ, ಅದೇ ಪೆಟ್ಟನ್ನು ತಡೆಯಬೇಕಾದರೆ ದಪ್ಪ ಹೆಚ್ಚಬೇಕು. ಕಡಿಮೆ ಬೆಲೆಯ ಗಾಲಿಗಳಲ್ಲಿ ಆ ದಪ್ಪವನ್ನು ಇನ್ನೂ ಹೆಚ್ಚಿಸಿರುತ್ತಾರೆ, ಮೇಲೆ ಅಂದಕ್ಕೆಂದು ವ್ಯಾಸವನ್ನೂ ಹಿಗ್ಗಿಸುತ್ತಾರೆ. ಹಾಗಾಗಿ ಅಲಾಯ್ ಗಾಲಿ ಕೊಳ್ಳುವವರು ಅಂಗಡಿಯಲ್ಲೇ ಅದನ್ನು ತೂಗಿಸಿ ನೋಡಬೇಕು. ಕಂಪನಿಯ ಮೂಲ ಅಳತೆಯಲ್ಲೇ, ಮೂಲಕ್ಕಿಂತ ಹಗುರವಾಗಿ, ಒಳ್ಳೆಯ ಗುಣಮಟ್ಟದ್ದು ಸಿಕ್ಕರೆ ಮಾತ್ರ ಕೊಳ್ಳುವುದು ಸಾರ್ಥಕ. ಸ್ಪ್ರಿಂಗಿನ ಕೆಳಗಿನ ಭಾರ, ಅಂದರೆ ಗಾಲಿ, ಟಯರು, ಬ್ರೇಕುಗಳ ತೂಕ, ಕಡಿಮೆಯಾದರೆ ಗಾಲಿ ಗುಂಡಿಯ ಏರಿಳಿತವನ್ನು ಬೇಗ ಹಿಂಬಾಲಿಸುತ್ತದೆ, ಶಾಕ್ ಅಬ್ಸಾರ್ಬರಿಗೂ ಹಿತ, ರಸ್ತೆಯ ಹಿಡಿತವೂ ಉಳಿಯುತ್ತದೆ.

ಭಾರ ಎಷ್ಟಿದೆ ಎಂಬುದರ ಜೊತೆಗೆ ಅದು ಎಲ್ಲಿದೆ ಎಂಬುದನ್ನೂ ಗಮನಿಸಬೇಕು. ಮಾರುತಿ 800ರ ಎರಡು ಆಕ್ಸಲ್‌ಗಳ ನಡುವಿನ ಅಂತರ 2175 ಮಿಲಿಮೀಟರ್. ಮುಂದಿನ ಆಕ್ಸಲಿಗಿಂತ ಅರ್ಧ ಮೀಟರ್ ಮುಂದೆ ಚಾಚಿಕೊಂಡಿರುವ 12 ಕೆಜಿಯ ಗಾರ್ಡು ಮುಂದಿನ ಗಾಲಿಗಳ ಮೇಲೆ ಸುಮಾರು 15 ಕೆಜಿ ಹೊರಿಸುತ್ತದೆ, ಹಿಂದಿನ ಗಾಲಿಗಳಿಂದ ಸುಮಾರು 3 ಕೆಜಿ ಎತ್ತಿಬಿಡುತ್ತದೆ. ಸ್ಟೀರಿಂಗ್ ಭಾರವಾಗುವುದು ಇದರಿಂದಲೇ. ಕ್ಯಾರಿಯರಿನ ಮೇಲಿನ ಭಾರ ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ವಾಲಿಸುತ್ತದೆ, ಖಾಲಿ ಕ್ಯಾರಿಯರ್ ಕೂಡ ಗಾಳಿಯನ್ನು ತಡೆಯುತ್ತದೆ. ಬೇಕಾದಾಗ ಕೂಡಿಸಿ ಕೆಲಸ ಮುಗಿದ ಮೇಲೆ ಬಿಚ್ಚಿಡುವುದು ಹತ್ತು ನಿಮಿಷದ ಕೆಲಸ. ಸಿಎನ್‌ಜಿ ಹಾಕಿಸಿದವರ ಗಾಡಿಯ ಹಿಂಭಾಗದಲ್ಲಿ ಸಿಲಿಂಡರ್ ಮತ್ತದರ ಸಲಕರಣೆ ಸೇರಿ ಸುಮಾರು 80ರಿಂದ 100 ಕೆಜಿ ಕಾಯಂ ಆಗಿ ಕುಳಿತಿರುತ್ತದೆ. ಖರ್ಚಿನ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ ಇರಬಹುದು, ಆದರೆ ಅಂಥವರು ಡಿಕ್ಕಿಯ ಉಳಿದ ಜಾಗವನ್ನೂ ತುಂಬಿಸಿಕೊಂಡು ಘಾಟ್ ಹತ್ತಬಾರದು.

ಈಗ ತೆಗೆಯಬಾರದ ವಸ್ತುಗಳ ಮಾತು, ಇದನ್ನು ಹುಡುಗರು ಕಿವಿಗೊಟ್ಟು ಕೇಳಬೇಕು. ರೇಸಿಗೆ ಕಟ್ಟಿದ ಗಾಡಿಗಳ ಚಿತ್ರ ನೋಡಿ, ಹಿಂದಿನ ಸೀಟು ಕಿತ್ತು, ಬಾಗಿಲೊಳಗಿನ ಪಟ್ಟಿ ಕತ್ತರಿಸಿ, ಬಂಪರಿನ ಹಿಂದಿನ ಉಕ್ಕಿನ ತೊಲೆ ತೆಗೆದುಹಾಕುವ ಆಸೆ ಹುಟ್ಟುವುದುಂಟು. ಬಾಗಿಲೊಳಗಿನ ಪಟ್ಟಿ ಅಲ್ಲಿರುವುದು ಪಕ್ಕದಿಂದ ಬಡಿದ ಗಾಡಿ ನಿಮ್ಮ ಪಕ್ಕೆಲುಬು ಮುಟ್ಟದಿರಲಿ ಎಂದು. ಬಂಪರಿನ ತೊಲೆ ಇರುವುದು ಅಪಘಾತದ ಪೆಟ್ಟನ್ನು ಎರಡೂ ಬದಿಗೆ ಹಂಚಲು. ರೇಸಿನ ಗಾಡಿಯಲ್ಲಿ ಇವುಗಳ ಬದಲು ಪೂರ್ತಿ ಉಕ್ಕಿನ ಪಂಜರ ಕಟ್ಟಿರುತ್ತಾರೆ, ಓಡಿಸುವವನು ಹೆಲ್ಮೆಟ್ ಹಾಕಿ ಐದಾರು ಪಟ್ಟಿಗಳಿಂದ ಬಿಗಿದುಕೊಂಡಿರುತ್ತಾನೆ. ನಿಮ್ಮ ತಾಯಿಯವರು ಹಿಂದಿನ ಸೀಟಿನಲ್ಲಿ ಕೂತು ಬರುವ ಗಾಡಿಗೆ ಆ ನ್ಯಾಯ ಅನ್ವಯಿಸುವುದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಐದು ಭಾರತೀಯ ಚಿಕ್ಕ ಕಾರುಗಳನ್ನು ಗೋಡೆಗೆ ಬಡಿಸಿ ಪರೀಕ್ಷಿಸಿದಾಗ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಬಂದಿತು. ಅವುಗಳಲ್ಲಿ ಒಂದಾದ ಪೋಲೊ ಎರಡು ಏರ್‌ಬ್ಯಾಗ್ ಇದ್ದಾಗ ನಾಲ್ಕು ನಕ್ಷತ್ರ ಪಡೆಯಿತು. ಕೆಲವೇ ಕೆಜಿ ತೂಕದ ಆ ಎರಡು ಚೀಲಗಳು ಎಷ್ಟು ಬೆಲೆಯುಳ್ಳವು ಎಂಬುದನ್ನು ಯೋಚಿಸಿ. ಹಗುರ ಗಾಡಿ ಭಾರದ ಗಾಡಿಗೆ ಡಿಕ್ಕಿ ಹೊಡೆದಾಗ ಹಗುರ ಗಾಡಿಯವರಿಗೇ ಹೆಚ್ಚು ಪೆಟ್ಟು ಎಂಬುದೂ ಸತ್ಯ. ಹಾಗಾಗಿ ರಕ್ಷಣೆಗೆಂದು ಇಟ್ಟ ಒಂದು ಗ್ರಾಮನ್ನೂ ಮುಟ್ಟಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗಿಂತ ಆರ್‌ಸಿಯ (ನೋಂದಣಿ ಪತ್ರದ) ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಆಸನಗಳ ಸಂಖ್ಯೆ, ಖಾಲಿ ತೂಕ ಎರಡೂ ಆರ್‌ಸಿಯಲ್ಲಿ ಬರೆದಿರುತ್ತವೆ ಎಂಬುದನ್ನು ಸೀಟು ಕೀಳುವ ಮೊದಲು ನೆನಪಿಡಿ. ನಾನು ತೆಗೆಸಿದ ಗಾರ್ಡುಗಳಂಥವನ್ನು ಹಾಕಿಸುವುದೂ ಇದೇ ಕಲಮಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿತ್ತು. ಅವು ಎದುರು ಬಂದ ಪಾದಚಾರಿಗೆ ಅಪಾಯಕಾರಿ, ಏರ್‌ಬ್ಯಾಗ್ ತೆರೆಯುವುದಕ್ಕೂ ಅಡ್ಡಿಯಾಗಬಲ್ಲವು. ಸ್ಟೆಪ್ನಿಯನ್ನು ಮನೆಯಲ್ಲಿ ಬಿಟ್ಟು ಬರಬಹುದೇ ಎಂದು ಕೇಳುವವರಿದ್ದಾರೆ. 2020ರಿಂದ, ಟ್ಯೂಬ್‌ಲೆಸ್ ಟಯರು, ಟಯರಿನ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿಯ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಅವು ಇಲ್ಲದ ಹಳೆಯ ಗಾಡಿಯಲ್ಲಿ ಅದು ಇರಲೇಬೇಕು. ಜಾಂಬೋಟಿಯ ಕಾಡಿನಲ್ಲಿ ರಾತ್ರಿ ಪಂಕ್ಚರ್ ಆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಗಾಡಿಯ ಒಡಲನ್ನೇ ಹಗುರಗೊಳಿಸುವ ಕೆಲಸ ವಿನ್ಯಾಸಕಾರರದು, ಮತ್ತು ಅದನ್ನು ಅವರು ಚೆನ್ನಾಗಿ ಮಾಡಬಲ್ಲರು. 1996ರಲ್ಲಿ ಬಂದ ಲೋಟಸ್ ಎಲೀಸ್ ಕಾರಿನಲ್ಲಿ ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಅಂಟಿನಿಂದ ಜೋಡಿಸಿ, 68 ಕೆಜಿಯ ಚಾಸಿ ಕಟ್ಟಿದ್ದರು. ಗಾಡಿಯ ಒಟ್ಟು ತೂಕ ಸುಮಾರು 725 ಕೆಜಿ ಇದ್ದುದರಿಂದ 118 ಅಶ್ವಶಕ್ತಿಯ ಸಾಮಾನ್ಯ ಎಂಜಿನ್ನೇ ಅದನ್ನು ಚಿಮ್ಮಿಸುತ್ತಿತ್ತು. ನಮ್ಮ ರಸ್ತೆಯ ಉದಾಹರಣೆ ಬೇಕೆಂದರೆ, 2018ರ ಸ್ವಿಫ್ಟ್ ತನ್ನ ಹಿಂದಿನ ಮಾದರಿಗಿಂತ 80 ಕೆಜಿಗೂ ಹೆಚ್ಚು ಹಗುರವಾಗಿ ಬಂದಿತು. ಹೆಚ್ಚು ಬಲದ ಉಕ್ಕನ್ನು ತೆಳುವಾಗಿ ಬಳಸುವುದು, ಬಲ ಬೀಳುವ ದಾರಿಯಲ್ಲಿ ಮಾತ್ರ ಲೋಹ ಇಟ್ಟು ಉಳಿದ ಕಡೆ ತೆಗೆಯುವುದು ಇದರ ಗುಟ್ಟು.

ಈ ಗುಟ್ಟಿನಲ್ಲಿ ನಮ್ಮ ಊರಿಗೂ ಪಾಲಿದೆ. ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಲ್ಲಿ ಎರಕವಾಗುವ ಭಾಗಗಳು ದೇಶದ ವಾಹನಗಳಿಗೆ ಹೋಗುತ್ತವೆ. ಒಂದು ಚದರ ಅಡಿ ಬೀಡು ಕಬ್ಬಿಣದ ಎರಕದಲ್ಲಿ ಗೋಡೆ ಒಂದು ಮಿಲಿಮೀಟರ್ ದಪ್ಪವಾದರೆ 670 ಗ್ರಾಂ ಹೆಚ್ಚಾಗುತ್ತದೆ. ಮೌಲ್ಡಿನೊಳಗೆ ಕೋರ್ (ಎರಕದ ಒಳಗಿನ ಟೊಳ್ಳನ್ನು ರೂಪಿಸುವ ಮರಳಿನ ಅಚ್ಚು) ಒಂದು ಕೂದಲೆಳೆ ಸರಿದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗುತ್ತದೆ. ಸರಿಯುವ ಭಯಕ್ಕೆ ವಿನ್ಯಾಸಕಾರ ಎಲ್ಲ ಕಡೆಯೂ ದಪ್ಪ ಇಡುತ್ತಾನೆ, ಆ ದಪ್ಪವನ್ನು ಕಾರು ತನ್ನ ಆಯುಷ್ಯವೆಲ್ಲ ಹೊರುತ್ತದೆ. ಕೋರನ್ನು ನಂಬಿಕೆಗೆ ಅರ್ಹವಾಗಿ ಕೂಡಿಸಬಲ್ಲ ಮೌಲ್ಡರ್ ಒಬ್ಬ ಹಗುರ ಕಾರನ್ನು ಕಟ್ಟುವವರಲ್ಲಿ ಒಬ್ಬ. ಇಲ್ಲಿ ಕುಳಿತಿರುವ ಫೌಂಡ್ರಿಯ ಅಣ್ಣಂದಿರು ಇದನ್ನು ತಮ್ಮ ಕೆಲಸದ ಹೆಮ್ಮೆಯಾಗಿ ತೆಗೆದುಕೊಳ್ಳಬೇಕೆಂದು ನನ್ನ ಕೋರಿಕೆ.

ಸಭೆಯಿಂದ ಬಂದ ಎರಡು ಪ್ರಶ್ನೆಗಳಿಗೆ ಉತ್ತರಿಸಿ ಮುಗಿಸುತ್ತೇನೆ. ಟಾಕಿ ಅರ್ಧ ಮಾತ್ರ ತುಂಬಿಸಿದರೆ ಲಾಭವೇ ಎಂದು ಒಬ್ಬರು ಕೇಳಿದ್ದಾರೆ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿಯಷ್ಟು ತೂಗುತ್ತದೆ, 28 ಲೀಟರಿನ ಟಾಕಿಯಲ್ಲಿ ಅರ್ಧ ಬಿಟ್ಟರೆ ಉಳಿಯುವುದು ಹತ್ತು ಕೆಜಿ. ಅದಕ್ಕಾಗಿ ಪದೇ ಪದೇ ಪಂಪಿಗೆ ಹೋಗುವ ಅಗತ್ಯವಿಲ್ಲ.

ಗಾಡಿಯ ತೂಕವನ್ನು ಮನೆಯಲ್ಲಿ ತೂಗುವುದು ಹೇಗೆ ಎಂಬುದು ಎರಡನೆಯ ಪ್ರಶ್ನೆ. ಮನೆಯಲ್ಲಿ ಆಗುವುದಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಗಾಡಿ ತೂಗುವ ವೇ ಬ್ರಿಜ್‌ಗಳಿಗೆ ಕೊರತೆಯಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ಇರುವುದರಿಂದ ಬೇರೆ ತಿಂಗಳುಗಳಲ್ಲಿ ಹೋಗಿ. ಟಾಕಿ ತುಂಬಿಸಿಕೊಳ್ಳಿ, ಎಲ್ಲರೂ ಕೆಳಗಿಳಿಯಿರಿ. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಗಾಲಿಗಳು ಮಾತ್ರ, ಆಮೇಲೆ ಹಿಂದಿನವು ಮಾತ್ರ ತೂಗಿಸಿ ಮೂರೂ ಚೀಟಿ ಪಡೆಯಿರಿ. ಆ ಕಾಟಾಗಳು ಸಾಮಾನ್ಯವಾಗಿ ಹತ್ತು ಕೆಜಿಯ ಹೆಜ್ಜೆಯಲ್ಲಿ ಮಾತ್ರ ಓದುತ್ತವೆ, ಆದ್ದರಿಂದ ಸಣ್ಣ ಸಾಮಾನುಗಳನ್ನು ಬೇರೆಯಾಗಿಯೇ ತೂಗಬೇಕು. ನನ್ನ ಗಾಡಿಯ ಮೊದಲ ಚೀಟಿಯಲ್ಲಿ 740 ಎಂದಿದೆ, ಸಾಮಾನು ಇಳಿಸಿದ ಮೇಲಿನದರಲ್ಲಿ 670. ಎರಡನ್ನೂ ಇಲ್ಲಿ ಮೇಜಿನ ಮೇಲೆ, ಚಕ್ರಗಳ ಪಕ್ಕದಲ್ಲಿ ಇಟ್ಟಿದ್ದೇನೆ. ನೋಡಬೇಕೆನ್ನುವವರು ಹತ್ತಿರ ಬಂದು ನೋಡಬಹುದು.